ಕ್ವಾಂಗನ ಪದ್ಯಕ್ಕೆ ಜವಾಬು

ನದಿ ಕೆಮ್ಮುತ್ತದೆ ಎಂದೇ ಬಿಯೆನ್ ಬರೆದಿದ್ದ. ನಿಟ್ಟುಸಿರಿಡುತ್ತದೆ ಎಂದು ಬರೆದಿರಲಿಲ್ಲ. ವರ್ಷದ ಮೊದಲ ಹುಣ್ಣಿಮೆಯ ಪದ್ಯಗೋಷ್ಠಿಯಲ್ಲಿ, ಊರವರೆಲ್ಲ ಕೂತಿರುವಾಗ, ಅವನ ಪದ್ಯ ಓದಲು ಎದ್ದ ಕ್ಷೌರಿಕ ಕ್ವಾಂಗ್ ಆ ಒಂದು ಮಾತನ್ನು ತಾನೇ ಬದಲಾಯಿಸಿಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಬಿಯೆನ್‌ಗೆ ಅದು ಕಪಾಳಕ್ಕೆ ಬಿದ್ದ ಏಟಿನ ಸದ್ದಿನಂತೆ ಕೇಳಿಸಿತು, ಇವತ್ತಿಗೂ ಕೇಳಿಸುತ್ತದೆ. ಬೆಳಗಿನ ಮಂಜಿನಲ್ಲಿ ದೋಣಿಗಳ ಇಂಜಿನ್ನು ಒಂದೊಂದಾಗಿ ಹತ್ತಿಕೊಳ್ಳುವಾಗ ತಿಯೆನ್ ನದಿ ಕೆಮ್ಮುತ್ತದೆ. ಆ ಇಂಜಿನ್ನುಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡುವ ತನಗೆ ಗೊತ್ತಿಲ್ಲದ್ದು ತಲೆಕೂದಲು ಕತ್ತರಿಸುವವನಿಗೆ ಗೊತ್ತೆ?

ವೇದಿಕೆಯ ಹಿಂದೆಯೇ ಬಿಯೆನ್ ಅವನನ್ನು ಹಿಡಿದು ಕೇಳಿದ್ದ.

"ಯಾರನ್ನ ಕೇಳಿ ತಿದ್ದಿದೆ?"

"ಕಿವಿಗೆ ಇಂಪಾಗಿರ್ಲಿ ಅಂತ ಕಣೋ. ಚಪ್ಪಾಳೆ ನಿಂಗೇ ತಾನೆ ಬಿದ್ದಿದ್ದು?"

"ನಿನ್ ಗಿರಾಕಿ ತಲೆ ಅಲ್ಲ ಅದು, ಸಿಕ್ ಸಿಕ್ಕಲ್ಲಿ ಕತ್ತರಿ ಆಡ್ಸೋಕೆ."

ಮರುವಾರದಿಂದ ಬಿಯೆನ್ ಹುವೆಯ ಕಾಫಿ ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಆ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ಊರಿನ ಪದ್ಯ ಬರೆಯುವವರು ಸೇರುತ್ತಾರೆ. ಒಬ್ಬರು ಎಂಟು ಸಾಲು ಹೇಳಿದರೆ, ಸಾಲಿನ ಕೊನೆಯ ಮಾತುಗಳನ್ನು ಹಾಗೇ ಹಿಡಿದುಕೊಂಡು ಮಿಕ್ಕವರು ಜವಾಬು ಪದ್ಯ ಹೇಳಬೇಕು. ಹೆಸರು ಹಿಡಿದು ಹೇಳಿದ ಪದ್ಯವಾದರೆ ಮೊದಲ ಜವಾಬು ಆ ಹೆಸರಿನವರದೇ. ಅವರು ಬಾಯಿ ಬಿಡುವ ತನಕ ಬೇರೆಯವರು ಬಿಡುವಂತಿಲ್ಲ.

ಬಿಯೆನ್‌ನನ್ನು ಅಲ್ಲಿಗೆ ಕರೆತಂದವನೇ ಕ್ವಾಂಗ್. ಬಿಯೆನ್ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸಿಮೆಂಟ್ ಚೀಲದ ಕಾಗದದ ಮೇಲೆ ಬರೆದು ಗ್ರೀಸ್ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದ. ಒಂದು ದಿನ ಕ್ಷೌರದ ಕುರ್ಚಿಯಲ್ಲಿ ತನ್ನ ಸಾಲು ಗೊಣಗಿಕೊಳ್ಳುತ್ತಿದ್ದಾಗ ಕ್ವಾಂಗ್ ಕತ್ತರಿ ನಿಲ್ಲಿಸಿ, "ಅದೇನು, ಇನ್ನೊಂದ್ಸಲ ಹೇಳು" ಎಂದ. ಆ ಭಾನುವಾರ ಮೇಜಿನ ಸುತ್ತ ಕೂತವರೆಲ್ಲ ಅವನ ಪದ್ಯಕ್ಕೆ ಜವಾಬು ಹೇಳಿದರು. ಅಲ್ಲಿಯವರೆಗೆ ಅವನು ಏನು ಹೇಳಿದರೂ ಬರುತ್ತಿದ್ದ ಉತ್ತರ ಒಂದೇ, ರೇಟು ಕಡಿಮೆ ಮಾಡು ಎಂಬುದು. ಅವತ್ತು ಖುಷಿಗೆ ಅವನಿಗೆ ಅನ್ನ ಸೇರಲಿಲ್ಲ. ಜ್ವರ ಬಂದಂತೆ ಮೈ ಬಿಸಿಯಾಗಿತ್ತು.

ಜಗಳವಾದ ವರ್ಷವೇ, ನದಿ ಉಕ್ಕುವ ಕಾಲಕ್ಕೆ, ಹುವೆ ಅವನ ರಿಪೇರಿ ಶೆಡ್ಡಿಗೆ ಬಂದಳು.

"ಕ್ವಾಂಗ್ ಅಣ್ಣ ನಿನ್ ಹೆಸ್ರು ಹಿಡ್ದು ಪದ್ಯ ಹೇಳಿದಾನೆ. ಕೇಳು."

ನಿಂತಲ್ಲೇ ಬಾಯಿಪಾಠ ಹೇಳಿದಳು. ಮೊದಲ ಸಾಲು ಮುಗಿದದ್ದೇ 'ಕೆಮ್ಮು' ಎಂಬ ಮಾತಿನಲ್ಲಿ. ಬಿಯೆನ್‌ಗೆ ತಕ್ಷಣ ಅರ್ಥವಾಯಿತು. ಕ್ವಾಂಗ್ ತಾನೇ ಆಚೆ ಹಾಕಿದ್ದ ಮಾತನ್ನು ಕರೆತಂದು ಮೊದಲ ಸಾಲಿನಲ್ಲೇ ಕೂರಿಸಿದ್ದ. ತಪ್ಪಾಯಿತು ಎನ್ನಲು ಆ ಮನುಷ್ಯನಿಗೆ ಗೊತ್ತಿದ್ದ ದಾರಿ ಅದೊಂದೇ. ಬಿಯೆನ್‌ನ ಬಾಯಿಗೆ ಬಂದದ್ದು ಮಾತ್ರ ಬೇರೆ.

"ಕಾಯ್ಲಿ. ನಂಗೆ ಕೆಲ್ಸ ಇದೆ."

"ಹಠ ಬೇಡ ಕಣಪ್ಪ. ನೀನು ಹೇಳ್ದೆ ನಾವ್ಯಾರೂ ಹೇಳೋ ಹಾಗಿಲ್ಲ."

"ಹೇಳ್ಬೇಡಿ ಮತ್ತೆ. ನಾನೇನು ನಿಮ್ ಬಾಯಿ ಹಿಡ್ಕೊಂಡಿದೀನಾ?"

"ಹಿಡ್ಕೊಂಡೇ ಇದ್ದೀಯ" ಎಂದು ಅವಳು ಹೊರಟುಹೋದಳು.

ಅವತ್ತೇ ಸಂಜೆ ಅವನ ಎಂಟು ಸಾಲು ತಯಾರಾದವು. ಕೊನೆಯ ಎರಡರಲ್ಲಿ ಕ್ವಾಂಗನ ಕತ್ತರಿಯನ್ನು ಆಡಿಕೊಂಡು ಒಂದು ಕುಟುಕು ಇಟ್ಟಿದ್ದ. ಆದರೂ ಕೊಂಡೊಯ್ಯಲಿಲ್ಲ. ಕ್ವಾಂಗ್ ಒಂದು ಭಾನುವಾರ ಬೆವರಲಿ ಎಂದುಕೊಂಡ. ಆಮೇಲೆ ಇನ್ನೊಂದು. ಕ್ವಾಂಗನ ಲಿವರ್ ಕೆಟ್ಟಿದೆ, ಅಂಗಡಿ ಮುಚ್ಚಿದೆ ಎಂಬ ಸುದ್ದಿ ಬಂದಾಗಲೂ, ಕೈಯಲ್ಲಿದ್ದ ಇಂಜಿನ್ ಮುಗಿಸಿ ಹೋದರಾಯಿತು ಎಂದು ಬೋಲ್ಟು ಬಿಗಿಯುತ್ತ ಕೂತ. ಅದು ಮುಗಿಯುವಷ್ಟರಲ್ಲಿ ಕಾಲುವೆಯ ಆಚೆಯಿಂದ ಸಾವಿನ ಮನೆಯ ಡೋಲು ಕೇಳಿಸಿತು.

ಸತ್ತವರ ಕೊನೆಯ ಪದ್ಯಕ್ಕೆ ಬಂದ ಜವಾಬುಗಳನ್ನು ಶವದ ಪೆಟ್ಟಿಗೆ ಎತ್ತುವ ಮೊದಲು ಓದುವುದು ಆ ಗುಂಪಿನ ರೂಢಿ. ಕ್ವಾಂಗನ ಕೊನೆಯ ಪದ್ಯ ಆ ಕೆಮ್ಮಿನ ಪದ್ಯವೇ. ಊದುಬತ್ತಿಯ ಹೊಗೆಯಲ್ಲಿ ಎಲ್ಲರೂ ಬಿಯೆನ್‌ನನ್ನು ನೋಡಿದರು. ಎಂಟು ಸಾಲೂ ಅವನ ಬಾಯಲ್ಲಿದ್ದವು. ಆದರೆ ಹೆಣದ ಮುಂದೆ ಆ ಕುಟುಕು ಹೇಳುವುದು ಹೇಗೆ? ಅವನು ತಲೆ ತಗ್ಗಿಸಿದ. ಅವನು ಹೇಳದ ಮೇಲೆ ಮಿಕ್ಕವರೂ ಹೇಳಲಿಲ್ಲ. ಊರಲ್ಲಿ ಯಾರ ಪದ್ಯವನ್ನೂ ಒಂಟಿಯಾಗಿ ಬಿಡದಿದ್ದವನ ಪದ್ಯ ಒಂಟಿಯಾಗಿ ಮಣ್ಣಿಗೆ ಹೋಯಿತು.

ಆಮೇಲಿನ ಭಾನುವಾರ ಬಿಯೆನ್ ಕಾಫಿ ಅಂಗಡಿಗೆ ಹೋದ. ಬೈಯುತ್ತಾರೆಂದು ಮೈ ಗಟ್ಟಿ ಮಾಡಿಕೊಂಡೇ ಹೋದ. ಅವನ ಸ್ಟೂಲನ್ನು ಯಾರೂ ತೆಗೆದಿರಲಿಲ್ಲ. ಹುವೆ ಅವನಿಗೆ ಬೇಕಾದಂತೆ ಹಾಲು ಕಡಿಮೆ ಹಾಕಿ ಕಾಫಿ ತಂದಿಟ್ಟಳು. ಬೈದಿದ್ದರೆ ಅವನು ತಿರುಗಿಸಿ ಬೈದು ಹಗುರಾಗುತ್ತಿದ್ದ.

ಪ್ರತಿ ವರ್ಷ ಕ್ವಾಂಗನ ತಿಥಿಯ ಊಟಕ್ಕೆ ಎಲ್ಲರೂ ಸೇರುತ್ತಾರೆ. ಈ ಸಲವೂ ಕ್ವಾಂಗನ ಹೆಂಡತಿ, ಎಳನೀರಿನಲ್ಲಿ ಬೇಯಿಸಿದ ಹಂದಿಮಾಂಸ ಬಡಿಸುತ್ತ ಕೇಳಿದಳು.

"ಜವಾಬು ತಂದ್ಯಾ ತಮ್ಮಾ?"

"ಕೊನೇ ಎರಡು ಸಾಲು ಬಾಕಿ ಇದೆ ಅತ್ತಿಗೆ."

"ಹೋದ್ ವರ್ಷಾನೂ ಅದೇ ಅಂದೆ."

"ಅವನು ಕೆಮ್ಮನ್ನ ಕೆಮ್ಮು ಅಂತಲೇ ಓದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ" ಎಂದ ಬಿಯೆನ್. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವಳು ಕೇಳಲಿಲ್ಲ. ಅವನ ಬಟ್ಟಲಿಗೆ ಇನ್ನೊಂದು ತುಂಡು ಹಾಕಿ, ಗಂಡನ ಪಟದ ಮುಂದೆ ಊದುಬತ್ತಿ ಹಚ್ಚಲು ಎದ್ದುಹೋದಳು.