ಪುಸ್ತಕದ ಬೆನ್ನಲ್ಲೇ ಓದುಗರನ್ನು ಕಾಣುವ ಅಂಟಕ್ಕ

ಬೆಳಗಿನ ಆರು ಗಂಟೆ. ಗ್ರಂಥಾಲಯದ ಮುಂಬಾಗಿಲು ತೆರೆಯಲು ಇನ್ನೂ ಎರಡು ತಾಸು ಇದೆ. ಹಿಂದಿನ ಚಿಕ್ಕ ಕೋಣೆಯಲ್ಲಿ ಆಗಲೇ ಒಲೆ ಹೊತ್ತಿದೆ, ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಗಂಟು ಕಟ್ಟದಂತೆ ಅದನ್ನು ತಿರುವುತ್ತಲೇ, ಐವತ್ತೆಂಟರ ಹೆಂಗಸೊಬ್ಬರು ಇನ್ನೊಂದು ಕೈಯಲ್ಲಿ ಹರಿದ ಪುಸ್ತಕವನ್ನು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ತಡವಿ ನೋಡುತ್ತಾರೆ. "ಬೆನ್ನು ಹೋಗಿದೆ. ಜೀವ ಗಟ್ಟಿ ಇದೆ," ಎನ್ನುತ್ತಾರೆ.

ಮೂವತ್ತೊಂದು ವರ್ಷದಿಂದ ಇಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿರುವ ಇವರು ಎಲ್ಲರಿಗೂ ಅಂಟಕ್ಕ. ದಿನಕ್ಕೆ ಹನ್ನೆರಡು ಪುಸ್ತಕ, ಕೆಲವೊಮ್ಮೆ ಹದಿನೈದು. ಸೂಜಿ ಒತ್ತಿ ಒತ್ತಿ ಹೆಬ್ಬೆರಳು ಕಲ್ಲಾಗಿದೆ. "ನಿನ್ನ ಕೈ ಹಿಡಿದ್ರೆ ಬಿಡಿಸ್ಕೊಳ್ಳೋಕೆ ಬಿಸಿನೀರು ಬೇಕು ಅಂತಾರೆ ನಮ್ಮನೆಯವರು. ಅದಕ್ಕೇ ಇಷ್ಟು ವರ್ಷ ಬಿಟ್ಟು ಹೋಗಿಲ್ಲ ಬಿಡಿ!"

ಹನ್ನೊಂದು ವರ್ಷದ ಹಿಂದೆ ಅವರ ತಮ್ಮ ತನ್ನ ಜೀವವನ್ನು ತಾನೇ ಕಳೆದುಕೊಂಡ. ಮನೆಗೆ ಬಂದವರಲ್ಲಿ ಅತ್ತವರಿಗಿಂತ "ಯಾಕಂತೆ?" ಎಂದು ಕೇಳಿದವರೇ ಹೆಚ್ಚು. "ಹಿಂದಿನ ದಿನ ಫೋನ್ ಮಾಡಿದ್ದ. ಅಂಟು ಆರಿಹೋಗುತ್ತೆ, ಆಮೇಲೆ ಮಾತಾಡ್ತೀನಿ ಕಣೋ ಅಂದೆ. ಆ 'ಆಮೇಲೆ' ಬರ್ಲೇ ಇಲ್ಲ."

ಮೂರು ತಿಂಗಳ ಮೇಲೆ, ದುರಸ್ತಿಯ ರಾಶಿಯಲ್ಲಿ ರಟ್ಟು ಕಳಚಿದ ಪುಸ್ತಕವೊಂದು ಬಂತು. ಹೀಗೆಯೇ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ಬರೆದದ್ದು. ಪುಟ ಜೋಡಿಸಲು ಹೋದವರು ಓದುತ್ತ ಕುಳಿತುಬಿಟ್ಟರು. "ಸಾವಿರಾರು ಪುಸ್ತಕ ಹೊಲಿದಿದ್ದೆ, ಪುಟದ ನಂಬರ್ ಬಿಟ್ಟು ಏನೂ ಓದಿರ್ಲಿಲ್ಲ. ಕೊನೇ ದಿನದ ಒಂದು ಮಾತಿಂದ ಯಾರೂ ಹೋಗಲ್ಲ, ತಪ್ಪು ನಿನ್ನದಲ್ಲ ಅಂತ ಆಕೆ ಎದುರಿಗೆ ಕೂತು ಹೇಳಿದ ಹಂಗಾಯ್ತು. ದೇವರು ಯಾರ ಕೈಲಿ ಏನು ಕಳಿಸ್ತಾನೋ."

ಅಂದಿನಿಂದ ಕೇಳಿ, ಬೇಡಿ, ಅಂಥ ಇಪ್ಪತ್ತಾರು ಪುಸ್ತಕಗಳನ್ನು ಕೂಡಿಸಿ ಒಂದು ಕಪಾಟು ಮಾಡಿದರು. ಮೊದಲು ತಪ್ಪಿದ್ದೂ ಅವರೇ. ಕಪಾಟನ್ನು ಬಾಗಿಲ ಎದುರಿಗೇ ನಿಲ್ಲಿಸಿ, 'ಆತ್ಮಹತ್ಯೆಯಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ' ಎಂದು ದಪ್ಪಕ್ಷರದ ಫಲಕ ತಗುಲಿಸಿದರು. ವರ್ಷವಾದರೂ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. "ಊರೆಲ್ಲ ನೋಡ್ತಿರುವಾಗ ಯಾರು ಬರ್ತಾರೆ ಹೇಳಿ? ಮೊದಲು ನನ್ನ ಬುದ್ಧಿಗೇ ಹೊಲಿಗೆ ಹಾಕಬೇಕಿತ್ತು."

ಫಲಕ ಇಳಿಯಿತು. ಕಪಾಟು ಕಂಬದ ಮರೆಗೆ, ತೋಟಗಾರಿಕೆಯ ಪುಸ್ತಕಗಳ ಪಕ್ಕಕ್ಕೆ ಸರಿಯಿತು. ಎಲ್ಲಕ್ಕೂ ಒಂದೇ ಕಂದು ಕಾಗದದ ಹೊದಿಕೆ. ಆಗಿನ ಮೇಲ್ವಿಚಾರಕರನ್ನು ಒಪ್ಪಿಸಿ, ಹೆಸರು ಬರೆಸದೆ ಒಯ್ಯುವ ಅವಕಾಶವನ್ನೂ ಮಾಡಿಸಿದರು. ಓದಿ ಗೇಟಿನ ಪೆಟ್ಟಿಗೆಗೆ ಹಾಕಿದರೆ ಸಾಕು. ನೊಂದವರಿಂದ ನೊಂದವರಿಗೆ, ಕಿವಿಯಿಂದ ಕಿವಿಗೆ ಸುದ್ದಿ ಹೋಯಿತು.

ಆ ಹೆಸರಿಲ್ಲದ ಓದೇ ಕಳೆದ ತಿಂಗಳು ಕಪಾಟಿಗೆ ಕುತ್ತಾಯಿತು. ಮೂರು ವರ್ಷ ಯಾರೂ ಒಯ್ದ ದಾಖಲೆಯಿಲ್ಲದ ಪುಸ್ತಕ ರದ್ದಿಗೆ ಹೋಗಬೇಕೆಂಬುದು ನಿಯಮ. ಹೊಸ ಮೇಲ್ವಿಚಾರಕರು ಪಟ್ಟಿ ಹಿಡಿದು ಅಂಟಕ್ಕನ ಕೋಣೆಗೇ ಬಂದರು.

"ನೋಡಮ್ಮ, ಇಪ್ಪತ್ತಾರಕ್ಕೂ ಸೊನ್ನೆ. ಜಾಗ ದಂಡ."

"ಪಟ್ಟಿ ಆಮೇಲೆ ನೋಡಿ ಸಾರ್. ಮೊದಲು ಬೆನ್ನು ನೋಡಿ."

ಮೇಜಿನ ಮೇಲೆ ಎರಡು ಪುಸ್ತಕ ನಿಲ್ಲಿಸಿದರು. ಒಂದು ಕದಲದೆ ನಿಂತಿತು. ಕಂದು ಹೊದಿಕೆಯದು ನಿಲ್ಲಲಾರದೆ ತಾನಾಗಿ ತೆರೆದುಕೊಂಡು ಮಲಗಿತು.

"ನಿಂತಿದೆಯಲ್ಲ, ಅದು ನಿಮ್ಮ ಪಟ್ಟೀಲಿ ಎಂಬತ್ತು ಸಲ ಹೊರಗೆ ಹೋಗಿದೆ. ನೆಂಟರ ಮನೆಗೆ ಹೋದವರ ಹಂಗೆ ಇಸ್ತ್ರಿ ಮುರೀದೆ ವಾಪಸ್ ಬಂದಿದೆ. ಇದನ್ನ ನೋಡಿ." ಮಲಗಿದ ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಪೆನ್ಸಿಲಿನ ಸಣ್ಣ ಗೆರೆಗಳು. ಹೊಲಿದಾಗಲೆಲ್ಲ ಒಂದು ಗೆರೆ ಎಳೆಯುವುದು ಅವರ ರೂಢಿ. ಇದರಲ್ಲಿ ಒಂಬತ್ತು. "ಓದದ ಪುಸ್ತಕದ ಹೊಲಿಗೆ ಯಾವತ್ತೂ ಬಿಚ್ಚಲ್ಲ ಸಾರ್."

ಮೇಲ್ವಿಚಾರಕರು ಪುಟ ಮಗುಚಿದರು. ಅಲ್ಲಲ್ಲಿ ಕಾಗದ ಉಬ್ಬಿ ಸುಕ್ಕಾಗಿತ್ತು. "ಇದೇನು, ನೀರು ಬಿದ್ದಿದ್ಯಾ?"

"ಬಿದ್ದಿದೆ. ಛಾವಣಿಯಿಂದಲ್ಲ."

ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ, "ಮೇಲಿನವರಿಗೆ ಏನಂತ ಬರೀಲಿ ಅಕ್ಕ?" ಎಂದರು. ಅಲ್ಲಿಯವರೆಗೆ ಅವರು ಅಕ್ಕ ಎಂದವರಲ್ಲ.

"ದುರಸ್ತೀಲಿರೋ ಪುಸ್ತಕಾನ ರದ್ದಿಗೆ ಹಾಕೋ ಹಂಗಿಲ್ವಲ್ಲ?"

ಮೇಲ್ವಿಚಾರಕರು ಅಲ್ಲೇ ಕುಳಿತು, ಇಪ್ಪತ್ತಾರು ಸಲ 'ದುರಸ್ತಿಯಲ್ಲಿದೆ' ಎಂದು ಬರೆದರು. "ಪೂರ್ತಿ ಸುಳ್ಳೇನಲ್ಲ," ಎನ್ನುತ್ತಾರೆ ಅಂಟಕ್ಕ, ಸೂಜಿಗೆ ಮೇಣ ಸವರಿದ ದಾರ ಪೋಣಿಸುತ್ತ. "ಅದರಲ್ಲಿ ಒಂದಲ್ಲ ಒಂದು ನನ್ನ ಮೇಜಿನ ಮೇಲೆ ಇದ್ದೇ ಇರುತ್ತೆ."

ನಿವೃತ್ತಿಗೆ ಇನ್ನು ಎರಡು ವರ್ಷ. ಏನಾದರೂ ಆಸೆ ಉಂಟೇ ಎಂದರೆ ತಲೆಯೆತ್ತದೆ ಹೇಳುತ್ತಾರೆ: "ಆ ಪುಸ್ತಕಗಳು ಯಾರಿಗೂ ಬೇಕಾಗದೆ ಧೂಳು ತಿನ್ಲಿ ಅಂತ ದಿನಾ ಕೈ ಮುಗೀತೀನಿ. ಅಲ್ಲೀತನಕ, ನಾನಿಲ್ಲಿ ಇಲ್ದಿದ್ರೂ, ನನ್ನ ಹೊಲಿಗೆ ಬಿಚ್ಚಬಾರದು. ಅದಕ್ಕೇ ಈಗ ಎರಡೆಳೆ ದಾರ ಹಾಕ್ತಿದೀನಿ."