ಹರಕೆಗೆ ಹೋದ ಮಜ್ದಾ

ಸರಕಾರಿ ಬಸ್ಸಿನ ಡ್ರೈವರ್ ಗಾಳೇಶನಿಗೆ ಮೈಯೆಲ್ಲ ಉರಿಯುವಂಥ ಪ್ರಶ್ನೆ ಒಂದೇ: “ದೊಡ್ಡದು ಯಾವಾಗ ತಗೋತಿ?” ಕುಷ್ಟಗಿಯ ಅವನ ಮನೆಗೆ ಯಾರೇ ಬರಲಿ, ಕಪಾಟಿನಲ್ಲಿದ್ದ ಅಂಗೈಯಗಲದ ಜಪಾನಿ ರೇಸ್ ಕಾರುಗಳನ್ನು ನೋಡಿ, ಚಹಾ ಕುಡಿದು, ಈ ಮಾತೊಂದನ್ನು ಉದುರಿಸಿಯೇ ಹೋಗಬೇಕು. ಗೋಡೆಗೆ ಗಣಪತಿಯ ಫೋಟೋ ಹಾಕಿದವನನ್ನು ಆನೆ ಯಾವಾಗ ತರ್ತಿ ಎಂದು ಯಾರಾದರೂ ಕೇಳುತ್ತಾರೆಯೇ?

ಅವೇನು ಅಂಗಡಿಯಿಂದ ತಂದ ಆಟಿಕೆಗಳಲ್ಲ. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಂದ ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಹೊಡೆದು ಅವನೇ ಕಟ್ಟಿದವು. ಗಂಗಾವತಿ ದಾರಿಯಲ್ಲಿ ದಿನವಿಡೀ ಹಾರ್ನ್ ಒತ್ತಿ ಬಂದವನಿಗೆ, ಚಿಮಟಿಯಲ್ಲಿ ಹಿಡಿದು ಸ್ಟೀರಿಂಗ್ ಕೂರಿಸುವಾಗಲೇ ಜೀವ ಹಗುರಾಗುತ್ತಿತ್ತು. ಈ ಸಲದ ನೀಲಿ ಮಜ್ದಾ ಕಾರು ಮಾತ್ರ ಬಹಳ ಗೋಳು ಹೊಯ್ದುಕೊಂಡಿತು. ಹಸಿ ಬಣ್ಣದ ಮೇಲೆ ಬೀದಿಯ ಧೂಳು ಬಂದು ಕೂರುತ್ತಿತ್ತು. ಕೊನೆಗೆ ಹೆಂಡತಿ ರೂಪಾಳ ರೊಟ್ಟಿ ಬುಟ್ಟಿ ಬೋರಲು ಹಾಕಿ, ಒದ್ದೆ ಬಟ್ಟೆ ಹೊದಿಸಿದ ಮೇಲೆ ಬಣ್ಣ ಕನ್ನಡಿಯಂತೆ ಬಂತು.

“ನಮ್ಮ ಮನ್ಯಾಗ ರೊಟ್ಟಿ ಬಯಲಾಗ, ಕಾರು ಬುಟ್ಟ್ಯಾಗ,” ಎಂದು ರೂಪಾ ನಕ್ಕಿದ್ದಳು.

ಅಮಾವಾಸ್ಯೆಯ ದಿನ ಡ್ಯೂಟಿ ಮುಗಿಸಿ ಬಂದರೆ ಕಪಾಟಿನಲ್ಲಿ ಮಜ್ದಾ ಇಲ್ಲ.

“ದುರ್ಗಮ್ಮಗ ಒಯ್ದು ಕಟ್ಟಿ ಬಂದೀನಪ್ಪ,” ಎಂದಳು ತಾಯಿ ಮುದಕಮ್ಮ, ಪುಣ್ಯದ ಕೆಲಸ ಮುಗಿಸಿದ ಖುಷಿಯಲ್ಲಿ. ಊರಾಚೆಯ ದುರ್ಗಮ್ಮನ ಬೇವಿನ ಮರಕ್ಕೆ ಕೂಸು ಬೇಕೆನ್ನುವವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ, ಮನೆ ಬೇಕೆನ್ನುವವರು ಪುಟ್ಟ ಮನೆ. ಮಗ ಕಾರಿಗಾಗಿ ಕೊರಗುತ್ತಿದ್ದಾನೆಂದು ಆಕೆ ಕಾರನ್ನೇ ಕಟ್ಟಿದ್ದಳು.

ಗಾಳೇಶ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಕೊಂಬೆಯಲ್ಲಿ ಮಜ್ದಾ ನೇತಾಡುತ್ತಿತ್ತು. ಹೊಟ್ಟೆಗೆ ಕೆಂಪು ದಾರ, ಬಾನೆಟ್ಟಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಒಂದು ಕಡೆಯ ಕನ್ನಡಿ ಮುರಿದು ಎಲ್ಲೋ ಬಿದ್ದಿತ್ತು. ಅವನು ದಾರಕ್ಕೆ ಕೈ ಹಾಕಿದ್ದೇ ತಡ, ಪೂಜಾರಿ ಓಬಳೆಪ್ಪ ಚೀರಿದ.

“ಕೈ ತಗಿ! ತಾಯಿಗೆ ಕಟ್ಟಿದ್ದನ್ನ ಹಂಗ ಬಿಚ್ಚಬಾರದು. ಬೇಡಿದ್ದು ಸಿಗಲಿ, ಆಮ್ಯಾಲ ಬಂದು ನೀನ ಬಿಚ್ಚಕೊಂಡು ಹೋಗು.”

“ನಾ ಏನೂ ಬೇಡಿಲ್ರಿ!”

“ನಿಮ್ಮವ್ವ ಬೇಡ್ಯಾಳಲ್ಲ.”

ಇದೆಂಥ ನ್ಯಾಯ! ಬೇಡವಾದ ದೊಡ್ಡ ಕಾರು ಕೊಂಡರಷ್ಟೇ ಬೇಕಾದ ಸಣ್ಣ ಕಾರು ಕೈಗೆ ಬರುತ್ತದಂತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಕೈಮುಗಿಯಲು ಬಂದವರೂ ಪೂಜಾರಿಯ ಮಾತಿಗೇ ತಲೆಯಾಡಿಸಿದರು. ಹೆಂಗಸೊಬ್ಬಳಂತೂ, “ಎಂಥ ಛಲೋ ಅವ್ವ ಸಿಕ್ಕಾಳಪ್ಪ ನಿನಗ,” ಎಂದಳು. ಗಾಳೇಶ ಹಲ್ಲು ಕಚ್ಚಿಕೊಂಡು ಬರಿಗೈಯಲ್ಲಿ ಮನೆಗೆ ಬಂದ.

“ಯವ್ವಾ, ನನ್ನ ಒಂದು ಮಾತು ಕೇಳಬೇಕಿತ್ತಲ್ಲಬೇ! ದೊಡ್ಡ ಗಾಡಿ ದಿನಾ ಓಡಸ್ತೀನಿ, ಓಡಿಸಿ ಓಡಿಸಿ ಸಾಕಾಗೈತಿ. ನನಗ ಬೇಕಾಗಿದ್ದು ಅದ ಇತ್ತು. ಅದ ಕಾರು!”

ಮುದಕಮ್ಮ ಮಗನ ಮುಖ ನೋಡಿದಳು. ನಿಜವಾಗಿಯೂ ತಿಳಿಯದೆ ಕೇಳಿದಳು:

“ನಿನಗ ಆ ಸಣ್ಣದ ಸಾಕಾಗಿತ್ತೇನೋ ತಮ್ಮಾ?”

“ಸಾಕಾಗಿತ್ತಬೇ,” ಎಂದ ಗಾಳೇಶ. ಸಿಟ್ಟಿನಲ್ಲೇ ಕಪಾಟಿನಲ್ಲಿ ಮಜ್ದಾ ಇದ್ದ ಜಾಗಕ್ಕೆ ಬೆರಳು ತೋರಿಸಿದ.