ರುಕ್ಮಿಣಮ್ಮನ ಪಿಕಪ್ಪಿಗೊಂದು ನಲ್ಲಿ

ಹುಲಿಕೆರೆಯ ರುಕ್ಮಿಣಮ್ಮ ಸಿಟ್ಟಿನ ಹೆಂಗಸು ಎಂದು ಊರೆಲ್ಲ ಹೇಳುತ್ತದೆ. ಆಕೆಯೂ ಇಲ್ಲ ಅನ್ನುವುದಿಲ್ಲ. "ಸಿಟ್ಟು ಬರೋ ಕೆಲ್ಸ ಇವ್ರು ಮಾಡೋದು, ಹೆಸ್ರು ಮಾತ್ರ ನಂಗೆ" ಎನ್ನುತ್ತಾಳೆ.

ವಯಸ್ಸು ಐವತ್ತಮೂರು. ಹದಿನಾಲ್ಕು ವರ್ಷದಿಂದ ಪಿಕಪ್ ಓಡಿಸುತ್ತಾಳೆ. ಸುತ್ತಲಿನ ತೋಟಗಳ ತೆಂಗಿನಕಾಯಿ ಅರಸೀಕೆರೆಗೆ ಹೋಗುತ್ತದೆ, ಅಲ್ಲಿಂದ ಹಿಂಡಿ, ಬೂಸಾ ಹಳೇಬೀಡಿಗೆ ಬರುತ್ತದೆ. ಗಂಡ ಕೆಂಚಪ್ಪ ಗಾಡಿ ಕಲಿಯಲು ಹೋಗಿ, ರಿವರ್ಸ್ ತೆಗೆಯುವಾಗ ಒಂದೇ ಗೋಡೆಗೆ ಎರಡು ಸಲ ಗುದ್ದಿ, ಕೀ ತಂದು ಹೆಂಡತಿಯ ಕೈಗೆ ಹಾಕಿದ್ದ. ಆಮೇಲೆ ಅವನು ಆ ಸುದ್ದಿಗೇ ಹೋಗಲಿಲ್ಲ.

ಆಯಿಲ್ ಬದಲಿಸುವ ಕೆಲಸವನ್ನು ಆಕೆ ಗ್ಯಾರೇಜಿಗೆ ಬಿಡುವುದಿಲ್ಲ. ಏಳು ವರ್ಷದ ಹಿಂದೆ ಗ್ಯಾರೇಜಿನಲ್ಲಿ ಯಾರೋ ಸರಿಯಾಗಿ ಬಿಗಿಯದೆ ಬಿಟ್ಟ, ಆಯಿಲ್ ಇಳಿಸುವ ತೂತಿನ ಬೋಲ್ಟು ಜಾವಗಲ್ ದಾಟುವಾಗ ಕಳಚಿ ಬಿತ್ತು. ಇಂಜಿನ್ ಅಡಿಯ ಚೇಂಬರಿನಲ್ಲಿದ್ದ ಆಯಿಲ್ ಎಲ್ಲ ರಸ್ತೆ ಪಾಲಾಗಿ ಇಂಜಿನ್ ಜಾಮ್ ಆಯಿತು. ಅಂದಿನಿಂದ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ತಾನೇ ಮಲಗುತ್ತಾಳೆ. ಬೋಲ್ಟು ಬಿಚ್ಚಿ ಹಳೇ ಆಯಿಲ್ ಬಾಣಲೆಗೆ ಬಿಡುತ್ತಾಳೆ. ಹೊಸ ಫಿಲ್ಟರ್ ಹಾಕಿದಾಗ ಅದರ ಬಣ್ಣದ ಮೇಲೆ ಮೊಳೆಯಲ್ಲಿ ತಾರೀಕು ಗೀರುತ್ತಾಳೆ. ಈ ಗೀರಿನ ವಿಷಯ ಮನೆಯವರಿಗೂ ಗೊತ್ತಿರಲಿಲ್ಲ.

ಮೈದುನ ನಟರಾಜನಿಗೆ ಆ ಪಿಕಪ್ ಮೇಲೆ ಮೊದಲಿಂದಲೂ ಕಣ್ಣು. "ವಯಸ್ಸಾಯ್ತು ಅತ್ತಿಗೆ, ಗಾಡಿ ನಂಗೆ ಬಿಡಿ" ಎಂದು ಪೀಡಿಸುತ್ತಿದ್ದ. ಒಂದು ದಿನ ಹಾಲಿನ ಡೇರಿ ಮುಂದೆ, ಹತ್ತು ಜನರ ಎದುರು, ರುಕ್ಮಿಣಮ್ಮ ಕಿರುಚಿದಳು: "ಇದ್ರ ಕೆಲ್ಸ ನನ್ ಕೈಲಿ ಆಗ್ದಿರೋ ದಿನ ಕೀ ನಿಂಗೇ ಕೊಡ್ತೀನಿ ಕಣೋ. ಅಲ್ಲೀಗಂಟ ಬಾಯಿ ಮುಚ್ಕೊಂಡಿರು." ಹತ್ತು ಜನರೂ ಕೇಳಿಸಿಕೊಂಡರು.

ಜನವರಿಯಲ್ಲಿ ಕಾಯಿ ತುಂಬಿಸುವಾಗ ರುಕ್ಮಿಣಮ್ಮ ಗಾಡಿಯ ಮೇಲಿಂದ ಬಿದ್ದು ಬಲಭುಜ ಉಳುಕಿಸಿಕೊಂಡಳು. ಆಯಿಲ್ ಬದಲಿಸುವ ಹೊತ್ತು ಮೀರಿತ್ತು. ಬೇರೆ ದಾರಿಯಿಲ್ಲದೆ ನಟರಾಜನ ಕೈಲಿ ಗಾಡಿಯನ್ನು ಬೇಲೂರಿನ ಒಂದು ಗ್ಯಾರೇಜಿಗೆ ಕಳಿಸಿದಳು. ಅವನು ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದ್ದೆಂದು ದುಡ್ಡು ಬರೆದ ಚೀಟಿ ತಂದುಕೊಟ್ಟ.

ಮೇ ತಿಂಗಳಲ್ಲಿ ಮತ್ತೆ ಆ ಕೆಲಸ ಬಂತು. ರುಕ್ಮಿಣಮ್ಮ ಗೋಣಿಚೀಲ ಹಾಸಿ ಮಲಗಿ ಸ್ಪ್ಯಾನರ್ ಹಾಕಿದಳು. ಬೋಲ್ಟು ಅಲುಗಲಿಲ್ಲ. ಎರಡು ಕೈ ಹಾಕಿದಳು. ಭುಜದಲ್ಲಿ ಚುಳ್ ಎಂದಿತು. ಮೂರನೇ ಸಲ ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಟಾರ್ಚ್ ಬಿಟ್ಟು ನೋಡಿದರೆ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗಿದ್ದವು. ಗ್ಯಾರೇಜಿನವರು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ, ಮೈಭಾರ ಬಿಟ್ಟು ಬಿಗಿದಿದ್ದರು. ಅಷ್ಟು ಬಿಗಿಯುವ ಅಗತ್ಯ ಯಾವ ಬೋಲ್ಟಿಗೂ ಇಲ್ಲ.

ಕೊನೆಗೆ ನಟರಾಜನೇ ಬಂದ. ಅವನೂ ಒಂದು ಪೈಪ್ ತಂದಿದ್ದ. ಎರಡು ಸಲ ಜಾರಿಸಿ, ಮೂರನೇ ಸಲಕ್ಕೆ ಬಿಚ್ಚಿದ. ಕಪ್ಪು ಆಯಿಲ್ ಬಾಣಲೆಗೆ ಬೀಳುತ್ತಿರುವಾಗ ಕೈ ಒರೆಸಿಕೊಳ್ಳುತ್ತ ಹಲ್ಲು ಬಿಟ್ಟ.

"ಅತ್ತಿಗೆ, ಡೇರಿ ಮುಂದೆ ಏನೋ ಹೇಳಿದ್ರಲ್ಲ?"

"ಹೇಳಿದ್ದೆ."

"ಮತ್ತೆ ಕೀ?"

"ಬೋಲ್ಟ್ ಬಿಚ್ಚಿದ್ದು ನೀನು. ಕೆಲ್ಸ ಇನ್ನೂ ಮುಗಿದಿಲ್ಲ. ಆ ಕತ್ತೆ ಬೋಲ್ಟು ಇನ್ನೊಂದ್ಸಲ ನನ್ ಗಾಡಿಗೆ ಹತ್ತಲ್ಲ. ನಾಳೆ ಅರಸೀಕೆರೆಗೆ ಹೋಗಿ ನಲ್ಲಿ ತತ್ತೀನಿ."

"ಇಂಜಿನ್‌ಗೆ ನಲ್ಲಿಯಾ?" ನಟರಾಜ ನಕ್ಕ. "ಹಂಗೇ ಒಂದು ಬಿಂದಿಗೆ ಇಡಿ ಕೆಳಗೆ."

ರುಕ್ಮಿಣಮ್ಮ ನಲ್ಲಿ ಎಂದದ್ದು ತಮಾಷೆಗಲ್ಲ. ಅರಸೀಕೆರೆ ಮಂಡಿಯಲ್ಲಿ ಒಬ್ಬ ಲಾರಿ ಡ್ರೈವರ್ ಬೋಲ್ಟಿನ ಜಾಗದಲ್ಲಿ ಪುಟ್ಟ ಹಿತ್ತಾಳೆ ವಾಲ್ವ್ ಹಾಕಿಸಿಕೊಂಡಿದ್ದನ್ನು ಆಕೆ ಬಗ್ಗಿ ನೋಡಿದ್ದಳು. ಬೆರಳಲ್ಲಿ ಹಿಡಿ ತಿರುಗಿಸಿದರೆ ಆಯಿಲ್ ಇಳಿಯುತ್ತದೆ. ಸ್ಪ್ಯಾನರೂ ಬೇಡ, ಭುಜವೂ ಬೇಡ.

ಬೆಳಿಗ್ಗೆ ಹೊರಡುವ ಮೊದಲು ಗಾಡಿಯಡಿ ಮತ್ತೆ ಮಲಗಿದಳು. ತೆಂಗಿನಗರಿಯ ಕಡ್ಡಿಯೊಂದನ್ನು ಬೋಲ್ಟಿನ ತೂತಿನ ಪಕ್ಕ ನಿಲ್ಲಿಸಿ, ಚೇಂಬರಿನ ಮುಂದಿರುವ ಕಬ್ಬಿಣದ ಅಡ್ಡಪಟ್ಟಿಯ ಮಟ್ಟಕ್ಕೆ ಮುರಿದುಕೊಂಡಳು. ತೋಟದ ದಾರಿಯ ನಡುವೆ ದಿಣ್ಣೆ, ದಿಣ್ಣೆಯಲ್ಲಿ ಕಲ್ಲು. ಪಟ್ಟಿಗಿಂತ ಕೆಳಗೆ ಇಳಿದದ್ದನ್ನು ಕಲ್ಲು ಬಿಡುವುದಿಲ್ಲ. ಕಡ್ಡಿಯನ್ನೂ ಹಳೇ ಬೋಲ್ಟನ್ನೂ ಕರ್ಚೀಫಿನಲ್ಲಿ ಗಂಟು ಕಟ್ಟಿ ಬಸ್ ಹತ್ತಿದಳು.

ಸ್ಪೇರ್ಸ್ ಅಂಗಡಿಯ ಮಹಾಂತೇಶ್ ಮೊದಲು ಉದ್ದ ಮೂತಿಯ ವಾಲ್ವೊಂದನ್ನು ಕೌಂಟರ್ ಮೇಲಿಟ್ಟ. "ಇದು ತಗೊಳ್ಳಿ ಅಮ್ಮಾ. ಪೈಪ್ ಸಿಕ್ಸಿ ನೇರ ಕ್ಯಾನ್‌ಗೇ ಬಿಡಬೋದು. ಒಂದು ಹನಿ ಚೆಲ್ಲಲ್ಲ."

ರುಕ್ಮಿಣಮ್ಮ ಕಡ್ಡಿ ಪಕ್ಕದಲ್ಲಿಟ್ಟಳು. ವಾಲ್ವ್ ಕಡ್ಡಿಗಿಂತ ಒಂದು ಬೆರಳು ಉದ್ದವಿತ್ತು.

"ಕಲ್ಲಿಗೆ ಬಡಿಯತ್ತೆ. ಗಿಡ್ಡದ್ದು ಕೊಡಿ."

"ಎಲ್ರೂ ಇದೇ ಹಾಕ್ಸೋದು ಅಮ್ಮಾ."

"ಎಲ್ರೂ ನಮ್ಮೂರ ತೋಟದ ದಾರೀಲಿ ಬತ್ತಾರಾ?"

ಎರಡನೆಯದು ಗಿಡ್ಡ. ಆಕೆ ಅಂಗಡಿಯ ಡಬ್ಬಿಯಲ್ಲಿ ಕೈಯಾಡಿಸಿ, ತನ್ನ ಹಳೇ ಬೋಲ್ಟಿಗೆ ಸಲೀಸಾಗಿ ಕೂರುವ ನಟ್ಟೊಂದನ್ನು ಹುಡುಕಿ, ಅದನ್ನೇ ವಾಲ್ವಿಗೆ ಹಾಕಿ ನೋಡಿದಳು. ಎರಡು ಸುತ್ತು ಹೋಗಿ ನಿಂತಿತು.

"ದಪ್ಪ ಒಂದೇ ಅಮ್ಮಾ, ಸ್ವಲ್ಪ ಜೋರಾಗಿ ತಿರುವಿದ್ರೆ ಹೋಗ್ತದೆ."

"ದಪ್ಪ ಒಂದೇ, ಥ್ರೆಡ್ಡಿನ ಸುತ್ತುಗೆರೆಗಳ ಅಂತರ ಬೇರೆ." ಆಕೆಯ ದನಿ ಏರಿತು. "ಜೋರಾಗಿ ತಿರುವ್ದೋರ ದೆಸೆಯಿಂದಾನೇ ನಾನು ಬಸ್ಸಲ್ಲಿ ಬಂದಿರೋದು. ಚೇಂಬರ್ ಥ್ರೆಡ್ಡು ಕಿತ್ತೋದ್ರೆ ಹೊಸ ಚೇಂಬರ್ ನೀವು ತಂದ್ಕೊಡ್ತೀರಾ?"

ಪಕ್ಕದಲ್ಲಿ ನಿಂತಿದ್ದ ಗಿರಾಕಿಗಳು ತಮ್ಮ ತಮ್ಮ ಸಾಮಾನುಗಳನ್ನು ಇನ್ನೊಮ್ಮೆ ನೋಡಿಕೊಂಡರು. ಮಹಾಂತೇಶ್ ಒಳಗೆ ಹೋಗಿ ಬೇರೆ ಪೆಟ್ಟಿಗೆ ತಂದ. ಅದರಲ್ಲಿದ್ದ ವಾಲ್ವಿಗೆ ನಟ್ಟು ಬರೀ ಬೆರಳಲ್ಲೇ ಪೂರ್ತಿ ಕೂತಿತು. ಕಡ್ಡಿಗಿಂತ ಗಿಡ್ಡ. ಹಿಡಿಯನ್ನು ಮೊದಲು ಮೇಲೆತ್ತಿ ಆಮೇಲೆ ತಿರುಗಿಸಬೇಕು. ಕಲ್ಲೋ ಕಡ್ಡಿಯೋ ತಾಗಿದರೆ ತಾನಾಗಿ ತೆರೆದುಕೊಳ್ಳುವುದಿಲ್ಲ.

"ಇದ್ರ ತೂತು ಸಣ್ಣದು. ಇಂಜಿನ್ ಬೆಚ್ಚಗಿದ್ದಾಗ ಬಿಡಿ, ಇಲ್ದಿದ್ರೆ ಇಳಿಯೋದು ನಿಧಾನ" ಎಂದ.

"ನಿಧಾನಕ್ಕೆ ಇಳೀಲಿ. ನಾನೇನು ಮೆರವಣಿಗೆಗೆ ಹೋಗ್ಬೇಕಾ?" ಜೊತೆಗೆ ಒಂದು ತಾಮ್ರದ ವಾಷರ್, ಒಂದು ಫಿಲ್ಟರ್, ಆಯಿಲ್ ಕೊಂಡು ಮೂರು ಗಂಟೆಗೆ ಊರು ಸೇರಿದಳು.

ವಾಲ್ವನ್ನು ಜಗಲಿಯ ಮೇಲಿಟ್ಟು ಊಟಕ್ಕೆ ಕೂತದ್ದೇ ತಪ್ಪಾಯಿತು. ಕೈತೊಳೆದು ಹೊರಗೆ ಬಂದರೆ ಗಾಡಿಯಡಿಯಿಂದ ನಟರಾಜನ ಕಾಲುಗಳು ಕಾಣುತ್ತಿದ್ದವು. ಪಕ್ಕದಲ್ಲಿ ಹತ್ತಿ ನೂಲಿನ ಉಂಡೆ, ಬಿಳಿ ಪೇಂಟಿನ ಡಬ್ಬಿ.

"ಏನೋ ಮಾಡ್ತಿದ್ದೀಯ ಅಲ್ಲಿ?"

"ನಿಮ್ ಭುಜಕ್ಕೆ ಯಾಕೆ ಕಷ್ಟ ಅಂತ ನಾನೇ ಕೂರ್ಸಿದೆ. ನೂಲು ಸುತ್ತಿ ಪೇಂಟ್ ಬಳ್ದಿದೀನಿ. ಬೋರ್‌ವೆಲ್ ಪೈಪಿಗೆ ಹತ್ತು ವರ್ಷ ಬಾಳಿಕೆ ಬರ್ತದೆ. ನೀರೇ ನಿಲ್ತದೆ, ಆಯಿಲ್ ನಿಲ್ಲಲ್ವಾ?"

ತೆಂಗಿನ ಸೀಮೆಯ ಗಂಡಸರೆಲ್ಲ ಪಂಪಿನ ಪೈಪು ಜೋಡಿಸುವುದು ಹೀಗೆಯೇ. ನಟರಾಜ ಕೇಡೆಣಿಸಿ ಮಾಡಿದ್ದಲ್ಲ. ಅದೇ ರುಕ್ಮಿಣಮ್ಮನ ಸಿಟ್ಟನ್ನು ಇಮ್ಮಡಿ ಮಾಡಿತು.

"ಬಾ ಈಚೆ! ಇದು ಪಂಪಲ್ಲ ಕಣೋ, ಇಂಜಿನ್ನು! ನೂಲು ಒಳಗೆ ಬಿಟ್ಕೊಂಡು ಆಯಿಲ್ ಹೀರೋ ಜಾಲರಿಗೆ ಕೂತ್ರೆ ಆಯಿಲ್ ಮೇಲಕ್ಕೆ ಹತ್ತಲ್ಲ. ಆಮೇಲೆ ಗಾಡಿ ತಗೊಂಡು ಗುಜರಿಗೆ ಹಾಕ್ತೀಯಾ?"

"ಒಂದೆರಡು ಎಳೆಗೆ ಏನಾಗ್ತದೆ ಅತ್ತಿಗೆ..."

ಆಕೆ ಗಾಡಿಯಡಿ ತೂರಿದಳು. ಪೇಂಟ್ ಇನ್ನೂ ಹಸಿಯಾಗಿತ್ತು. ವಾಲ್ವನ್ನು ಎಡಗೈಯಲ್ಲೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಎಳೆ ಎಳೆಯಾಗಿ ನೂಲು ಕಿತ್ತಳು. ಚೇಂಬರಿನ ಬಾಯನ್ನೂ ಒರೆಸಿದಳು. ತಾಮ್ರದ ವಾಷರ್ ಕೂರಿಸಿ ವಾಲ್ವನ್ನು ಬೆರಳಲ್ಲಿ ಪೂರ್ತಿ ತಿರುವಿ, ಗಿಡ್ಡ ಸ್ಪ್ಯಾನರಿನಲ್ಲಿ ಒಮ್ಮೆ ಹದವಾಗಿ ಬಿಗಿದಳು. ಎಡಗೈ ಅಷ್ಟಕ್ಕೆ ಸಾಕಾಯಿತು.

ಆಮೇಲೆ ಒಂದು ಲೀಟರ್ ಹೊಸ ಆಯಿಲನ್ನು ಚೇಂಬರ್ ತೊಳೆಯಲೆಂದೇ ಸುರಿದಳು. ಬಾಣಲೆಯ ಮೇಲೆ ಬಿಳಿ ಬಟ್ಟೆ ಕಟ್ಟಿ, ಎರಡು ಬೆರಳಲ್ಲಿ ಹಿಡಿ ಎತ್ತಿ ತಿರುಗಿಸಿದಳು. ಆಯಿಲ್ ದಾರದಂತೆ ಇಳಿಯಿತು. ಕೆಂಚಪ್ಪನೂ ಜಗಲಿಯಿಂದ ಎದ್ದು ಬಂದು ನೋಡಿದ. ಇಳಿದು ಮುಗಿದಾಗ ಬಟ್ಟೆಯ ಮೇಲೆ ಮೂರು ಎಳೆ ನೂಲು ಉಳಿದಿತ್ತು. ಆಕೆ ಬಟ್ಟೆ ಬಿಚ್ಚಿ ನಟರಾಜನ ಮುಖದ ಮುಂದೆ ಹಿಡಿದಳು.

ಅವನು ಸೋಲೊಪ್ಪದೆ ಕೇಳಿದ: "ಸರಿ, ಫಿಲ್ಟರ್? ಅದಕ್ಕೆ ನಲ್ಲಿ ಇಲ್ವಲ್ಲ. ಗ್ಯಾರೇಜ್‌ನೋರು ಬಿಗ್ದಿರೋದು, ನಿಮ್ ಕೈಲಿ ಬರಲ್ಲ."

ಅದು ಆಕೆಗೂ ಬೆಳಗಿನಿಂದ ಕಾಡುತ್ತಿದ್ದ ಮಾತು. ಸ್ಪ್ಯಾನರ್ ತಪ್ಪಿಸಬಹುದು, ಫಿಲ್ಟರನ್ನು ಮಾತ್ರ ಕೈಯಲ್ಲೇ ತಿರುವಬೇಕು. ಅದು ಬರದಿದ್ದರೆ ಡೇರಿ ಮುಂದಿನ ಮಾತು ನಿಜವಾಗುತ್ತದೆ. ಸೈಕಲ್ ಟ್ಯೂಬಿನ ತುಂಡೊಂದನ್ನು ಹಿಡಿತಕ್ಕೆಂದು ಫಿಲ್ಟರಿಗೆ ಸುತ್ತಿ, ಎಡಗೈಯಲ್ಲಿ ಉಸಿರು ಬಿಗಿಹಿಡಿದು ತಿರುವಿದಳು.

ತಟ್ಟನೆ ತಿರುಗಿತು. ಇಷ್ಟು ಸಲೀಸು ಆಕೆಗೆ ಸರಿಕಾಣಲಿಲ್ಲ. ಬಿಚ್ಚಿ ಹೊರಗೆ ತಂದು ಬೆಳಕಿಗೆ ಹಿಡಿದು, ಸೆರಗಿನಿಂದ ಮಸಿ ಒರೆಸಿದಳು. ಬಣ್ಣದ ಮೇಲೆ ಮೊಳೆಯಲ್ಲಿ ಗೀರಿದ ಅಂಕಿ ಇತ್ತು: 12-8. ಹೋದ ವರ್ಷ ಆಗಸ್ಟಿನಲ್ಲಿ ತಾನೇ ಕೂರಿಸಿದ್ದು. ತನ್ನ ಕೈ ಬಿಗಿದದ್ದನ್ನು ತನ್ನ ಕೈಯೇ ಬಿಚ್ಚಿತ್ತು. ಗ್ಯಾರೇಜಿನವರು ಅದನ್ನು ಮುಟ್ಟಿಯೇ ಇರಲಿಲ್ಲ.

"ಜನವರೀಲಿ ಫಿಲ್ಟರ್ ಹಾಕ್ವಾಗ ನೀನೆಲ್ಲಿದ್ದೆ?" ಆಕೆ ಕೇಳಿದಳು. ದನಿ ತಗ್ಗಿತ್ತು. ಅದು ಜಾಸ್ತಿ ಅಪಾಯ ಎಂದು ಕೆಂಚಪ್ಪನಿಗೆ ಗೊತ್ತಿತ್ತು, ಅವನು ಜಗಲಿಗೆ ವಾಪಸು ಹೋದ.

"ಅಲ್ಲೇ... ಎದುರಿಗೆ ಟೀ ಕುಡೀತಿದ್ದೆ ಅತ್ತಿಗೆ."

ರುಕ್ಮಿಣಮ್ಮ ಹೊಸ ಫಿಲ್ಟರ್ ಕೂರಿಸಿ, ತಾರೀಕು ಗೀರಿ, ಆಯಿಲ್ ತುಂಬಿ, ಇಂಜಿನ್ ಚಾಲೂ ಮಾಡಿ, ವಾಲ್ವಿನ ಸುತ್ತ ಬೆರಳಾಡಿಸಿದಳು. ಬೆರಳಿಗೆ ಆಯಿಲ್ ಹತ್ತಲಿಲ್ಲ. ಪೆಟ್ಟಿಗೆಯಿಂದ ಜನವರಿಯ ಚೀಟಿ ತಂದು ರವಿಕೆಗೆ ಸಿಕ್ಕಿಸಿಕೊಂಡಳು.

"ನಡಿ, ಬೇಲೂರಿನ ಆ ಗ್ಯಾರೇಜಿಗೆ."

"ಭುಜ ನೋಯ್ತದೆ ಅಂತೀರಿ, ನಾನೇ ಓಡಿಸ್ಲಾ?" ನಟರಾಜ ಕೈ ಚಾಚಿದ.

ರುಕ್ಮಿಣಮ್ಮ ಆ ಕೈಗೆ ಆಯಿಲ್ ತೊಟ್ಟಿಕ್ಕುವ ಹಳೇ ಫಿಲ್ಟರ್ ಇಟ್ಟಳು. "ಇದ್ನ ಹಿಡ್ಕೊಂಡು ಪಕ್ಕದಲ್ಲಿ ಕೂತ್ಕೋ. ಟೀ ಅಂಗ್ಡಿ ಯಾವ್ದು ಅಂತ ತೋರಿಸ್ಬೇಕಲ್ಲ" ಎಂದು ಡ್ರೈವರ್ ಬಾಗಿಲು ತೆಗೆದಳು.